ಮೋತಿಯ ಬೆನ್ನಿನ ಗಾದಿ

ನನ್ನ ವಿದ್ಯಾ, ಮಂಗಲಾ, ಸುಧೀರ,

ಹೋದ ರಜೆಯಲ್ಲಿ ವಿದ್ಯಾ ದನದ ಡಾಕ್ಟರಿಕೆ ಓದಲು ಹೋಗುತ್ತೇನೆ ಎಂದಾಗ ಮನೆಯವರೆಲ್ಲ ಅವಳನ್ನು ಬಿಟ್ಟು ನನ್ನ ಕಡೆ ನೋಡಿದರು. "ಅಜ್ಜಿ, ನೀನು ಟಾಂಗಾ ಕುದುರೆ ನೋಡ್ಕಳ್ತಿದ್ಯಂತೆ, ಹೌದಾ? ಹೇಳು, ಹೇಳು" ಎಂದು ಮೂವರೂ ಕಾಡಿದಿರಿ. ನಾನು ನಕ್ಕು ಒಳಗೆ ಹೋದೆ. ನಾಲ್ಕು ಜನರ ಎದುರಿಗೆ ಮಾತು ಬಾರದ್ದು ನನ್ನ ಹುಟ್ಟುಗುಣ. ಬರೆಯಲು ಮಾತ್ರ ಅಷ್ಟು ನಾಚಿಕೆ ಇಲ್ಲ. ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಕಲಿತಿದ್ದೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ. ನಗುವುದಾದರೆ ನಾನಿಲ್ಲದಾಗ ನಗಿ.

ನಾನು ಮದುವೆಯಾಗಿ ಹೊನ್ನಾವರಕ್ಕೆ ಬಂದಾಗ ಎರಡನೆಯ ಮಹಾಯುದ್ಧ ನಡೆದಿತ್ತು. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಡ್ರಮ್ಮು ಕಟ್ಟಿ, ಅದರ ಹೊಗೆಯಿಂದ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದಕ್ಕಿಂತ ತಳ್ಳುತ್ತಿದ್ದರು ಎಂದರೆ ಸರಿ. ಹಾಗಾಗಿ ಭಟ್ಕಳದ ಕಡೆಯಿಂದ ಬಂದು, ಕಾಸರಕೋಡಿನಲ್ಲಿ ದೋಣಿ ಹತ್ತಿ, ಶರಾವತಿ ದಾಟಿ ಹೊನ್ನಾವರದಲ್ಲಿ ಇಳಿದವರು ಕುಮಟೆಗೆ ಹೋಗಲು ಟಾಂಗಾ ಹುಡುಕುತ್ತಿದ್ದರು. ನಮ್ಮ ಒಡೆಯರ ಬಳಿ ಎರಡು ಟಾಂಗಾ ಇದ್ದವು. ಒಂದನ್ನು ನಿಮ್ಮ ಅಜ್ಜ ಹೊಡೆಯುತ್ತಿದ್ದರು, ಇನ್ನೊಂದನ್ನು ಮಾಸ್ತಿ. ಕುದುರೆಗಳ ಹುಲ್ಲು, ಹುರಳಿ, ನೀರು, ಮೈ ಉಜ್ಜುವುದು, ಲಗಾಮು ಜೀನುಗಳ ಹೊಲಿಗೆ, ಇದೆಲ್ಲ ನನ್ನ ಕೆಲಸ. ಗಂಡನಿಗೆ ಸಹಾಯ ಮಾಡಿದ್ದು ಎಂದು ತಿಳಿಯಬೇಡಿ. ನನ್ನ ಹೆಸರಿಗೇ ಕೆಲಸ, ನನ್ನ ಹೆಸರಿಗೇ ಬೈಗುಳ.

ಬೈಗುಳ ಮೊದಲ ವಾರವೇ ಶುರುವಾಯಿತು. ತೌರಿನಲ್ಲಿ ಹಸು ಸಾಕಿದ ಅಭ್ಯಾಸ ನನಗೆ. ಅಕ್ಕಿ ತೊಳೆದ ನೀರು, ಅನ್ನದ ಗಂಜಿ, ತರಕಾರಿ ಸಿಪ್ಪೆ ಎಲ್ಲ ಒಂದೇ ಬಾನಿಯಲ್ಲಿ ಕಲಸಿ, ನಿಮ್ಮ ಅಜ್ಜನ ಗಾಡಿಯ ಕುದುರೆ ಮೋತಿಯ ಮುಂದೆ ಇಟ್ಟೆ. ಆ ದಿನ ಮನೆಯಲ್ಲಿ ಬಂಗಡೆ ಮೀನು ತಂದಿದ್ದರು. ಅದನ್ನು ತೊಳೆದ ನೀರೂ ಅದರಲ್ಲಿ ಸೇರಿಬಿಟ್ಟಿತ್ತು. ಮೋತಿ ಒಮ್ಮೆ ಮೂಸಿ ನೋಡಿತು. ಮೇಲಿನ ತುಟಿಯನ್ನು ಮೂಗಿನ ತನಕ ಎತ್ತಿ, ಹಲ್ಲು ತೋರಿಸಿ, ನನ್ನತ್ತ ತಿರುಗಿ ನಿಂತಿತು. ಒಡೆಯರು ಜಗಲಿಯಲ್ಲಿ ನಿಂತು ಎಲ್ಲ ನೋಡುತ್ತಿದ್ದರು.

"ತಂಗೀ, ಅದು ಕುದುರೆ. ನಿನ್ನ ಗಂಡ ಅಲ್ಲ, ಮೀನಿನ ನೀರು ಕುಡಿಯೂಕೆ" ಎಂದರು.

ಮಾಸ್ತಿ ಆ ಮಾತನ್ನು ಬಂದರದ ತನಕ ಒಯ್ದು ಹಂಚಿದ. ಒಂದು ತಿಂಗಳು ನಿಮ್ಮ ಅಜ್ಜನನ್ನು ಕಂಡವರೆಲ್ಲ "ಎಂತ ಮಾರಾಯ, ಇವತ್ತು ಬಾನಿ ಖಾಲಿ ಮಾಡಿದ್ಯಾ?" ಎಂದು ಕೇಳಿದರು.

ಮೋತಿ ಬಿಳಿ ಬಣ್ಣದ ಹೆಣ್ಣು ಕುದುರೆ. ಭಟ್ಕಳದ ಹಸನ್ ಸಾಹೇಬರು ಮರಿಯಿಂದ ಸಾಕಿ ಒಡೆಯರಿಗೆ ಮಾರಿದ್ದು. ಅದರಷ್ಟು ಸಾಧು ಪ್ರಾಣಿಯನ್ನು ನಾನು ಕಂಡಿಲ್ಲ. ಬಂದರದಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸರು ಅದರ ಹೊಟ್ಟೆಯ ಕೆಳಗೇ ಬಗ್ಗಿ ದಾಟುತ್ತಿದ್ದರು. ಇದ್ದಿಲ ಬಸ್ಸು ಪಕ್ಕದಲ್ಲಿ ಢಂ ಎಂದರೂ ಅದು ಒಂದು ಕಿವಿ ಮಾತ್ರ ತಿರುಗಿಸಿ, ಬಸ್ಸಿನ ಬಗ್ಗೆ ತನಗೆ ಮೊದಲೇ ಗೊತ್ತಿತ್ತು ಎಂಬ ಹಾಗೆ ನಿಲ್ಲುತ್ತಿತ್ತು. ಅದಕ್ಕೆ ಇದ್ದದ್ದು ಒಂದೇ ಚಟ: ನನ್ನ ಮುಡಿಯ ಅಬ್ಬಲಿಗೆ ಹೂವು ತಿನ್ನುವುದು. ಬೆಳಿಗ್ಗೆ ಮುಡಿದ ಹೂವು ಮಧ್ಯಾಹ್ನದ ತನಕ ತಲೆಯಲ್ಲಿ ಉಳಿದದ್ದೇ ಇಲ್ಲ.

ಆ ಮೋತಿ ಒಂದು ದಿನ ಕೆಟ್ಟಿತು.

ದೀಪಾವಳಿ ಮುಗಿದ ಮೇಲಿನ ವಾರ, ಹಬ್ಬದ ಬಿಡುವಿನ ನಂತರ ಮೊದಲ ಸಲ ಗಾಡಿ ಕಟ್ಟಿದ ದಿನ. ಗಾಡಿಯಲ್ಲಿ ಒಬ್ಬ ಶಾಲೆಯ ಮಾಸ್ತರರು, ಅವರ ಹೆಂಡತಿ ಕೂತಿದ್ದರು, ಜೊತೆಗೆ ಒಂದು ಬುಟ್ಟಿ ತೊಂಡೆಕಾಯಿ. ಧಾರೇಶ್ವರದ ಹತ್ತಿರದ ಇಳಿಜಾರಿನ ತನಕ ಮೋತಿ ಎಂದಿನಂತೆ ಹೋಯಿತು. ಇಳಿಯಲು ತೊಡಗಿದ್ದೇ ಹಿಂಗಾಲು ಝಾಡಿಸಿ, ಕೂಗಿ, ರಸ್ತೆ ಬಿಟ್ಟು ಗದ್ದೆಗೆ ಇಳಿಯಿತು. ಕೊಯ್ಲಾದ ಗದ್ದೆಯ ಕೆಸರು, ಯಾರಿಗೂ ಪೆಟ್ಟಾಗಲಿಲ್ಲ. ಮಾಸ್ತರರ ಒಂದು ಚಪ್ಪಲಿ ಮಾತ್ರ ಕೊನೆಗೂ ಸಿಗಲಿಲ್ಲ. ತೊಂಡೆಕಾಯಿಯನ್ನು ಒಂದೊಂದಾಗಿ ಹೆಕ್ಕಿಕೊಟ್ಟು ಬಂದೆ ಎಂದು ನಿಮ್ಮ ಅಜ್ಜ ಸಂಜೆ ಹೇಳಿದರು.

ಮರುದಿನ ಅದೇ ಜಾಗ, ಅದೇ ಕುಣಿತ. ಮೂರನೆಯ ಸಲ ಗಾಡಿಯ ಮೂಕಿಮರವೇ ಮುರಿಯಿತು. ಕೊಟ್ಟಿಗೆಯಲ್ಲಿ ನಿಂತಾಗ ಮಾತ್ರ ಪಾಪದ ಕುದುರೆ. ಬೆನ್ನು ಮುಟ್ಟಿದರೆ ಚರ್ಮ ನಡುಗಿಸುತ್ತಿತ್ತು, ನೊಣ ಇರಬೇಕು ಎಂದುಕೊಂಡೆವು. ಜೀನು ತೆಗೆದೊಡನೆ ತಿರುಗಿ ಅದನ್ನು ನೆಕ್ಕಲು ಬರುತ್ತಿತ್ತು, ಹಸಿವೆ ಎಂದುಕೊಂಡೆವು.

ಎಲ್ಲರೂ ಒಂದೊಂದು ಔಷಧ ಹೇಳಿದರು. ನಾನು ಮೆಣಸು, ಸಾಸಿವೆ ನಿವಾಳಿಸಿ ದೃಷ್ಟಿ ತೆಗೆದೆ. ಒಡೆಯರು ಬಾಯಿಗೆ ಲಗಾಮಿನ ಬಿಗಿ ಕಬ್ಬಿಣ ಹಾಕಿಸಿದರು. "ಸೊಕ್ಕು ಬಂದದೆ, ಹುರಳಿ ಕಡಿಮೆ ಮಾಡಿ ಅತ್ತಿಗೆ" ಎಂದ ಮಾಸ್ತಿ. ನಿಮ್ಮ ಅಜ್ಜ ಅದುವರೆಗೆ ಚಾಟಿಯನ್ನು ಗಾಳಿಯಲ್ಲಿ ಮಾತ್ರ ಬೀಸಿದವರು, ಆ ಇಳಿಜಾರಿನಲ್ಲಿ ಎರಡೇಟು ಹೊಡೆದರು. ಹೊಡೆದು ಬಂದ ದಿನ ಊಟ ಮಾಡಲಿಲ್ಲ.

ಕೊನೆಗೆ ಒಡೆಯರು ಭಟ್ಕಳಕ್ಕೆ ಹೇಳಿ ಕಳಿಸಿದರು. ಹಸನ್ ಸಾಹೇಬರು ಬಂದರು. ವಯಸ್ಸಾದವರು, ಬಿಳಿ ಗಡ್ಡ. ಅವರು ಮೋತಿಯನ್ನು ಮುಟ್ಟಲೂ ಇಲ್ಲ. ಒಂದು ಮಣೆ ಕೇಳಿ, ಕೊಟ್ಟಿಗೆಯ ಎದುರು ಹಾಕಿಕೊಂಡು ಕೂತರು. ಚಹಾ ಕುಡಿದರು. ಇನ್ನೂ ಕೂತರು. ಒಡೆಯರಿಗೆ ತಾಳ್ಮೆ ತಪ್ಪಿತು.

"ಸಾಹೇಬ್ರೆ, ಕುದುರೆ ನೋಡೂಕೆ ಬಂದದ್ದೋ, ಮದುವೆ ನಿಶ್ಚಯ ಮಾಡೂಕೆ ಬಂದದ್ದೋ?"

"ಅರೆ ಒಡೇರೆ, ಇದು ನನ್ನ ಮಗಳಲ್ವಾ? ಸುಮ್ಮನೆ ಕೆಡೋ ಜಾತಿ ಅಲ್ಲ. ಒಳ್ಳೆ ಕುದುರೆ ಒಂದೇ ದಿನದಲ್ಲಿ ಕೆಟ್ರೆ, ಆ ದಿನ ಏನೋ ಹೊಸದು ಬಂದಿರ್ತದೆ. ಏನು ಹೊಸದು ಹೇಳಿ."

"ಹೊಸತು ಎಂತ ಇಲ್ಲ. ಅದೇ ಗಾಡಿ, ಅದೇ ದಾರಿ, ಅದೇ ನಾರಾಯಣ" ಎಂದು ಒಡೆಯರು ನಿಮ್ಮ ಅಜ್ಜನ ಕಡೆ ಕೈ ತೋರಿಸಿದರು.

"ಲಾಳ?"

"ಎರಡು ತಿಂಗಳಾತು."

"ಜೀನು?"

"ಹಳೇದೇ" ಎಂದರು ನಿಮ್ಮ ಅಜ್ಜ. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ.

ಬಾಗಿಲ ಹಿಂದೆ ನಿಂತಿದ್ದ ನನಗೆ ಗೊತ್ತಿತ್ತು. ಜೀನಿನ ಅಡಿಗೆ, ಬೆನ್ನಿಗೆ ತಾಗುವ ಹಾಗೆ, ಒಂದು ಗಾದಿ ಇರುತ್ತದೆ. ಗಾಡಿಯ ಭಾರ ಬೀಳುವುದು ಅದರ ಮೇಲೆ. ಹಬ್ಬದ ಮೊದಲು ನಾನು ಆ ಗಾದಿಯನ್ನು ಹುರಳಿ ಬಾನಿಯ ಪಕ್ಕ ನೆಲದ ಮೇಲೆ ಮರೆತು ಬಿಟ್ಟಿದ್ದೆ. ಇಲಿಗಳು ಒಳಗಿನ ಉಣ್ಣೆಯನ್ನೆಲ್ಲ ಎಳೆದುಹಾಕಿದ್ದವು. ಒಡೆಯರಿಗೆ ಹೇಳಲು ಹೆದರಿಕೆ. ಅದೇ ಸಮಯಕ್ಕೆ ಕೇರಿಯಲ್ಲಿ ಎಲ್ಲರೂ ದೀಪಾವಳಿಗೆಂದು ದನಗಳಿಗೆ ಹೊಸ ಕಣ್ಣಿ ಹೊಸೆಯುತ್ತಿದ್ದರು. ಹೊಳೆಯಂಚಿನಲ್ಲಿ ಹುಗಿದು ಕೊಳೆಸಿದ ತೆಂಗಿನ ಸಿಪ್ಪೆ ಬಡಿದು, ಬಂಗಾರದಂಥ ನಾರು ರಾಶಿ ಹಾಕಿದ್ದರು. ಹಸುವಿಗೆ ಹಬ್ಬದ ಉಡುಗೊರೆ ಇದ್ದರೆ ನಮ್ಮ ಮೋತಿಗೆ ಏಕೆ ಬೇಡ ಎಂದುಕೊಂಡು ಒಂದು ಮಡಿಲು ನಾರು ಕೇಳಿ ತಂದೆ. ಗಾದಿಗೆ ಅದನ್ನೇ ಒತ್ತಿ ತುಂಬಿ, ಹಳೆಯ ಬಟ್ಟೆಯನ್ನೇ ಮತ್ತೆ ಹೊಲಿದೆ. ಇಲಿಯ ತಪ್ಪೂ ಮುಚ್ಚಿತು, ಹಬ್ಬವೂ ಆಯಿತು ಎಂದು ಖುಷಿಯಾಗಿದ್ದೆ.

ಸಾಹೇಬರು ಕೇಳಿದಾಗ ಆ ಗಾದಿ ನೆನಪಾಯಿತು. ಆದರೆ ಅಷ್ಟು ದಪ್ಪ, ಅಷ್ಟು ಚಂದದ ಗಾದಿಯಿಂದ ಕೇಡಾದೀತು ಎಂದು ನಂಬಿಕೆಯಾಗಲಿಲ್ಲ. ನಂಬಿಕೆಯಾಗಿದ್ದರೂ ಹೊರಗೆ ಹೋಗಿ ಹೇಳುವ ಧೈರ್ಯ ಎಲ್ಲಿತ್ತು! ಸಾಹೇಬರು ತಲೆ ಅಲ್ಲಾಡಿಸುತ್ತ ಮಧ್ಯಾಹ್ನದ ದೋಣಿಗೆ ಹೋದರು. ಒಡೆಯರು, "ನಾಳೆ ಕಲ್ಲುಗಾಡಿಯವನು ಬತ್ತಾನೆ. ಕೊಟ್ಟುಬಿಡುವ. ಜನರ ಕಾಲು ಮುರಿದ್ಮೇಲೆ ಅತ್ತು ಪ್ರಯೋಜನ ಇಲ್ಲ" ಎಂದರು.

ಚಿರೆಕಲ್ಲು ಹೇರುವ ಗಾಡಿಗೆ ಹೋದ ಕುದುರೆ ಎರಡು ಮಳೆಗಾಲ ಕಾಣುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನೀರು ತರಲು ಹೊರಟರೆ ನನ್ನ ಸಿಂಬೆ ಇಲ್ಲ. ಕರಡದ ಹುಲ್ಲು ಸುತ್ತಿ ನಾನೇ ಮಾಡಿದ ಸಿಂಬೆ, ಗೂಟಕ್ಕೆ ಸಿಕ್ಕಿಸಿದ್ದೆ. ಮೋತಿ ಮುಖ ಎತ್ತಿ ನೋಡಿತು, ಬಾಯಿಯ ಮೂಲೆಯಲ್ಲಿ ಇನ್ನೂ ನಾಲ್ಕು ಕಡ್ಡಿ. ಕೆಲಸವಿಲ್ಲದೆ ನಿಂತು ಬೇಸರವಾಗಿ ತಿಂದುಬಿಟ್ಟಿತ್ತು. ಬೈಯಲು ಮನಸ್ಸು ಬರಲಿಲ್ಲ. ಇವತ್ತು ಹೋಗುವವಳು, ತಿನ್ನಲಿ ಎಂದುಕೊಂಡೆ. ಬೇರೆ ಏನೂ ಕೈಗೆ ಸಿಗದೆ ಗಾದಿಯನ್ನೇ ಮಡಚಿ ತಲೆಯ ಮೇಲೆ ಇಟ್ಟುಕೊಂಡು ಬಾವಿಗೆ ಹೋದೆ.

ತುಂಬಿದ ಕೊಡ ಹೊತ್ತು ಸಮ ನೆಲದಲ್ಲಿ ಬರುವಾಗ ಏನೂ ಆಗಲಿಲ್ಲ. ಬಾವಿಯ ಕಟ್ಟೆಯಿಂದ ನಮ್ಮ ಮನೆಗೆ ಏಳು ಮೆಟ್ಟಿಲು ಇಳಿಯಬೇಕು. ಮೊದಲ ಮೆಟ್ಟಿಲಿಗೆ ಕೊಡದ ಭಾರ ಮುಂದಕ್ಕೆ ವಾಲಿತು. ನೂರು ಸೂಜಿ ಒಟ್ಟಿಗೆ ತಲೆಗೆ ಇಳಿದ ಹಾಗಾಯಿತು! ಕೊಡದಿಂದ ತುಳುಕಿದ ನೀರು ಗಾದಿಯಲ್ಲಿ ಇಳಿದು ಹಣೆಯ ಮೇಲೆ ಹರಿದು ಕಣ್ಣಿಗೆ ಬಂತು. ಕಣ್ಣು ಉರಿಯಿತು. ತುಟಿಗೂ ಬಂತು. ಉಪ್ಪು.

ಅಲ್ಲೇ ನಿಂತೆ. ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಹೊಳೆಯಂಚಿನ ನೀರಿಗೆ ಕಡಲಿನ ಉಬ್ಬರ ಬರುತ್ತದೆ, ಉಪ್ಪುನೀರು. ಕಣ್ಣಿ ಹೊಸೆಯಲು ಅದು ಒಳ್ಳೆಯದೇ. ಆದರೆ ನಾನು ನಾರನ್ನು ಸಿಹಿನೀರಿನಲ್ಲಿ ತೊಳೆದಿರಲೇ ಇಲ್ಲ. ಒಣಗಿದಾಗ ಸುಮ್ಮನಿರುತ್ತದೆ. ಕುದುರೆ ಬೆವರಿದರೆ ಉಪ್ಪು ಕರಗುತ್ತದೆ. ಇಳಿಜಾರಿನಲ್ಲಿ ಗಾಡಿ ಮುಂದೆ ಒತ್ತಿದರೆ ನಾರಿನ ಮುಳ್ಳು ಬಟ್ಟೆ ದಾಟಿ ಚುಚ್ಚುತ್ತದೆ, ಚುಚ್ಚಿದಲ್ಲಿ ಉಪ್ಪು. ಅದಕ್ಕೆ ಬಾಯಿ ಇದ್ದಿದ್ದರೆ ನನ್ನ ಹೆಸರು ಹಿಡಿದು ಕೂಗುತ್ತಿತ್ತು.

ಅಂಗಳದಲ್ಲಿ ಕಲ್ಲುಗಾಡಿಯ ಗುತ್ತಿಗೆದಾರ ಬಂದು ನಿಂತಿದ್ದ. ಮೋತಿಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದ. "ಹಲ್ಲು ಗಟ್ಟಿ ಅದೆ. ಸೊಕ್ಕು ಇಳಿಸೂದು ನಂಗೆ ಬಿಡಿ. ಎರಡು ದಿನ ಕಲ್ಲು ಎಳೆದ್ರೆ ದೇವರ ಹಾಗಾತದೆ" ಎನ್ನುತ್ತಿದ್ದ. ಒಡೆಯರು ಹಗ್ಗ ಬಿಚ್ಚಲು ನಿಮ್ಮ ಅಜ್ಜನಿಗೆ ಕೈ ಮಾಡಿದರು.

ನಾನು ಕೊಡ ಇಳಿಸುವುದನ್ನೂ ಮರೆತೆ.

"ಒಡೆಯಾ, ಕುದುರೆ ಕೊಡಬೇಡಿ!"

ಮಾಸ್ತಿಯೂ ಸೇರಿ ನಾಲ್ವರು ಗಂಡಸರೂ ತಿರುಗಿದರು. ಅವರ ಮುಂದೆ ನಾನು ಆಡಿದ ಮೊದಲ ಮಾತು ಅದು. ಮಾಸ್ತಿ ಬಾಯಿ ತೆರೆದು, "ಅಯ್ಯೋ, ಅತ್ತಿಗೆಗೆ ಮಾತು ಬತ್ತದೆ!" ಎಂದ.

"ತಲೆ ಮೇಲೆ ಎಂತದೆ ಅದು?" ಒಡೆಯರು ಕೇಳಿದರು.

"ಕೊಡ."

"ಕೊಡ ಕಂಡದೆ. ಅಡಿಗೆ?"

"ಮೋತಿ ಗಾದಿ."

ಆಮೇಲೆ ಇಲಿಯಿಂದ ಹಿಡಿದು ಉಪ್ಪಿನ ತನಕ ಎಲ್ಲ ಹೇಳಿದೆ. ನೆಲ ನೋಡಿಕೊಂಡೇ ಹೇಳಿದೆ. ಹೇಳುತ್ತಾ ಹೇಳುತ್ತಾ ಕೊಡದ ಅರ್ಧ ನೀರು ನನ್ನ ಮೇಲೇ ಸುರಿದಿತ್ತು. "ತಪ್ಪು ನನ್ನದು. ನನ್ನ ಕೆಲಸ ತೆಗೀರಿ. ಅದನ್ನ ಕಳಿಸಬೇಡಿ" ಎಂದೆ.

ಒಡೆಯರು ಗಾದಿ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದರು. ಫಕ್ಕನೆ ಕೈ ಎಳೆದುಕೊಂಡರು. ಬೆರಳನ್ನು ನಾಲಿಗೆಗೆ ಮುಟ್ಟಿಸಿ "ಥೂ!" ಎಂದು ಉಗಿದರು. "ಇದರ ಒಳಗೆ ಇಡೀ ಕಡಲೇ ಅದೆಯಲ್ಲ!"

ನಿಮ್ಮ ಅಜ್ಜ ಮೋತಿಯ ಬೆನ್ನಿನ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದರು. ಸಾಸಿವೆ ಕಾಳಿನಂಥ ಹತ್ತಿಪ್ಪತ್ತು ಕೆಂಪು ಗಾಯ. "ನಾ ಇದಕ್ಕೆ ಹೊಡೆದೆನಲ್ಲೇ" ಎಂದು ಅದರ ಕುತ್ತಿಗೆಗೆ ಹಣೆ ಇಟ್ಟು ನಿಂತರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

ಗುತ್ತಿಗೆದಾರನಿಗೆ ಸಿಟ್ಟು ಬಂತು. "ಹೆಂಗಸರ ಮಾತು ಕೇಳಿ ವ್ಯಾಪಾರ ಬಿಡ್ತ್ರಾ ಒಡೇರೆ? ಒಮ್ಮೆ ಕುಣಿಯೂದು ಕಲಿತ ಕುದುರೆ ಬಿಡೂದಿಲ್ಲ. ಗಾಯ ಗುಣ ಆದ್ರೂ ಆ ಇಳಿಜಾರು ಕಂಡ್ರೆ ಕುಣಿತದೆ."

ಒಡೆಯರು ಸ್ವಲ್ಪ ಯೋಚಿಸಿದರು. "ಹನ್ನೆರಡು ದಿನ ಬಿಟ್ಟು ಬಾ" ಎಂದು ಅವನಿಗೆ ಹೇಳಿ ನನ್ನತ್ತ ತಿರುಗಿದರು. "ತಂಗೀ, ಗುಣ ಮಾಡು. ಆಮೇಲೆ ಆ ಇಳಿಜಾರಿನಲ್ಲಿ ಗಾಡಿ ಮೇಲೆ ಕೂರೂದು ನೀನೇ. ಸುಮ್ಮನೆ ಇಳಿದ್ರೆ ಮೋತಿ ಇಲ್ಲೇ. ಕುಣಿದ್ರೆ ಅಲ್ಲಿಂದಲೇ ಇವನ ಜೊತೆ."

ಹನ್ನೆರಡು ದಿನ ಬೆನ್ನಿಗೆ ಏನನ್ನೂ ಹಾಕಲಿಲ್ಲ. ಸಿಹಿನೀರಿನಲ್ಲಿ ತೊಳೆದು ಅರಿಸಿನ ಕಲಸಿದ ಕೊಬ್ಬರಿ ಎಣ್ಣೆ ಹಚ್ಚಿದೆ. ಅರಿಸಿನ ಬಳಿದ ಬಿಳಿ ಕುದುರೆ ನೋಡಿ ಮಾಸ್ತಿ "ಮದುಮಗಳೇ, ಗಂಡು ಯಾರೇ?" ಎಂದು ದಿನಾ ಕೇಳುತ್ತಿದ್ದ. ಸುದ್ದಿ ಕೇಳಿ ಹಸನ್ ಸಾಹೇಬರು ಭಟ್ಕಳದಿಂದ ಒಂದು ಚೀಲ ಕುರಿ ಉಣ್ಣೆ ಕಳಿಸಿದರು. ದೋಣಿಯವನ ಬಾಯಲ್ಲಿ ಒಂದು ಮಾತೂ ಬಂತು: "ಗಂಡಸರನ್ನ ಕೇಳಿದ್ದೇ ನನ್ನ ತಪ್ಪು. ಹುರಳಿ ಹಾಕೋ ಕೈಯನ್ನ ಕೇಳಬೇಕಾಗಿತ್ತು." ಆ ಉಣ್ಣೆಯನ್ನು ಮೂರು ಸಲ ತೊಳೆದೆ. ಹೊಲಿದ ಗಾದಿಯನ್ನು ಮೊದಲು ನನ್ನ ತಲೆಯ ಮೇಲೆ ಕೊಡದಡಿಗೆ ಇಟ್ಟು ಏಳು ಮೆಟ್ಟಿಲು ಇಳಿದೆ, ಹತ್ತಿದೆ, ಇಳಿದೆ. ಆಮೇಲೆ ಮೋತಿಗೆ.

ಹನ್ನೆರಡು ದಿನ ಮುಗಿದ ಮೇಲೆ, ಇಳಿಜಾರಿನ ಮೇಲ್ತುದಿಯ ತನಕ ಗಾಡಿಯನ್ನು ನಿಮ್ಮ ಅಜ್ಜ ಹೊಡೆದರು. ಅಲ್ಲಿ ಲಗಾಮು ನನ್ನ ಕೈಗೆ ಕೊಟ್ಟು ಇಳಿದರು. ಕೆಳಗೆ ಒಡೆಯರು, ಗುತ್ತಿಗೆದಾರ, ಮಾಸ್ತಿ, ಧಾರೇಶ್ವರದ ದೇವಸ್ಥಾನಕ್ಕೆ ಹೊರಟ ಹತ್ತು ಹದಿನೈದು ಜನ ನಿಂತಿದ್ದರು. ಇಷ್ಟು ಜನ ನನ್ನನ್ನೇ ನೋಡಿದ್ದು ಮದುವೆಯ ದಿನವೂ ಇರಲಿಲ್ಲ. ಸೆರಗು ಮುಖಕ್ಕೆ ಎಳೆದುಕೊಂಡರೆ ದಾರಿ ಕಾಣುವುದಿಲ್ಲ. ಹಾಗಾಗಿ ಸೊಂಟಕ್ಕೆ ಸಿಕ್ಕಿಸಿದೆ.

ಮೋತಿ ನಿಂತುಬಿಟ್ಟಿತು. ನೋವು ಹೋಗಿತ್ತು, ನೆನಪು ಹೋಗಿರಲಿಲ್ಲ. ಕಿವಿ ಹಿಂದಕ್ಕೆ ಮಲಗಿತು, ಬೆನ್ನು ಬಿಗಿಯಾಯಿತು. "ಹೊಡೀರಿ ಅತ್ತಿಗೆ!" ಎಂದು ಮಾಸ್ತಿ ಕೆಳಗಿನಿಂದ ಕೂಗಿದ. ಗುತ್ತಿಗೆದಾರ ನಗುವುದು ಕೇಳಿಸಿತು. ನಾನು ಚಾಟಿ ತಂದಿರಲೇ ಇಲ್ಲ.

ಏನಾದರೂ ಮಾತಾಡಬೇಕು, ನನ್ನ ದನಿ ಅದಕ್ಕೆ ಕೇಳಿಸಬೇಕು. ಕೊಟ್ಟಿಗೆಯಲ್ಲಿ ಮೈ ಉಜ್ಜುವಾಗ ನಾನು ಅದಕ್ಕೆ ಮಗ್ಗಿ ಹೇಳುತ್ತಿದ್ದೆ. ಶಾಲೆಯಲ್ಲಿ ಕಲಿತದ್ದು ಮರೆಯಬಾರದು ಎಂದು. ಬೇರೇನೂ ಬಾಯಿಗೆ ಬರಲಿಲ್ಲ. ಲಗಾಮು ಸಡಿಲ ಬಿಟ್ಟು, "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು" ಎಂದು ಶುರು ಮಾಡಿದೆ. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಎರಡರ ಮಗ್ಗಿ ಮುಗಿಯಿತು, ಮೋತಿ ಅಲ್ಲಾಡಲಿಲ್ಲ. ಮೂರರ ಮಗ್ಗಿಯ ನಡುವೆ ಒಂದು ಕಿವಿ ನನ್ನ ಕಡೆ ತಿರುಗಿತು. ನಾಲ್ಕರಲ್ಲಿ ಬುಸ್ಸೆಂದು ಉಸಿರು ಬಿಟ್ಟು ಒಂದು ಕಾಲು ಮುಂದಿಟ್ಟಿತು. ಗಾಡಿ ಒತ್ತಿತು, ಬೆನ್ನಿನ ಮೇಲೆ ಭಾರ ಬಿತ್ತು. ಅದು ಕಾದು ನೋಡಿತು. ಏನೂ ಚುಚ್ಚಲಿಲ್ಲ. ಇನ್ನೊಂದು ಹೆಜ್ಜೆ. ಮತ್ತೊಂದು. ಐದರ ಮಗ್ಗಿ, ಆರರ ಮಗ್ಗಿ. ಏಳರ ಮಗ್ಗಿ ಅರ್ಧ ಆಗುವಾಗ ಇಳಿಜಾರು ಮುಗಿದು ನಾವು ಒಡೆಯರ ಎದುರಿಗೆ ಇದ್ದೆವು, ಮೋತಿ ಎಂದಿನ ಮೋತಿಯಾಗಿ ತಲೆ ಆಡಿಸುತ್ತಾ, ನಾನು ಇನ್ನೂ ಕೂಗುತ್ತಾ.

"ಅತ್ತಿಗೇ, ನಿಲ್ಸಿ! ಏಳೆಂಟ್ಲೆ ಐವತ್ತಾರು. ಐವತ್ನಾಲ್ಕು ಅಲ್ಲ!" ಎಂದ ಮಾಸ್ತಿ.

ಜನರೆಲ್ಲ ನಕ್ಕರು. ಒಡೆಯರು ಕಣ್ಣು ಒರೆಸಿಕೊಂಡರು. ಅವರು ನಗುವಿನ ನೀರು ಎಂದರು. ಗುತ್ತಿಗೆದಾರ ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಅಂದಿನಿಂದ ಒಡೆಯರು ಒಂದು ಕ್ರಮ ಹಾಕಿದರು. ಗಾಡಿ ಕಟ್ಟಿದ ಮೇಲೆ, ಹೊರಡುವ ಮೊದಲು, ನಾನು ಜೀನಿನ ಅಡಿಗೆ, ಎದೆಪಟ್ಟಿಯ ಅಡಿಗೆ, ಬಾಯಿಯ ಕಬ್ಬಿಣದ ಎರಡೂ ಪಕ್ಕಕ್ಕೆ ಬರಿಗೈ ಹಾಕಿ ನೋಡಬೇಕು. ನಾನು ತಲೆ ಅಲ್ಲಾಡಿಸಿದರೆ ಗಾಡಿ ಹೋಗುವುದಿಲ್ಲ, ಕಾದಿರುವವರು ಯಾರೇ ಆಗಿರಲಿ. ಮಾತು ಬಾರದವಳಿಗೆ ಇದಕ್ಕಿಂತ ಒಳ್ಳೆಯ ಅಧಿಕಾರ ಯಾವುದು! ಮಾಸ್ತಿಯ ಕುದುರೆ ಒಂದು ಸಲ ಎಡಕ್ಕೆ ತಿರುಗುವುದನ್ನೇ ಬಿಟ್ಟಿತ್ತು. ಕಿವಿಯೊಳಗೆ ಉಣ್ಣಿ ಕಚ್ಚಿತ್ತು. ಕುಮಟೆಯ ಒಬ್ಬರ ಕುದುರೆ ನೀರು ಕಂಡರೆ ಹೆದರುತ್ತದೆ ಎಂದು ಕರೆಸಿದರು. ಹೋಗಿ ನೋಡಿದರೆ ಬಾಯಲ್ಲಿ ಹಲ್ಲು ಸೀಳಿತ್ತು, ತಣ್ಣೀರು ತಾಗಿದರೆ ಜೀವ ಹೋಗುತ್ತಿತ್ತು. ನಾನೂ ತಪ್ಪಿದ್ದೇನೆ. ಒಂದು ಕುದುರೆಗೆ ಎಂಟು ದಿನ ಹೊಟ್ಟೆನೋವಿನ ಕಷಾಯ ಕುಡಿಸಿದೆ, ನೋವಿದ್ದದ್ದು ಗೊರಸಿನಲ್ಲಿ.

ಮೋತಿ ಕಲ್ಲುಗಾಡಿಗೆ ಹೋಗಲಿಲ್ಲ. ಯುದ್ಧ ಮುಗಿದು ಪೆಟ್ರೋಲಿನ ಬಸ್ಸುಗಳು ಬಂದು ಟಾಂಗಾ ನಿಂತ ಮೇಲೂ ಒಡೆಯರ ಹಿತ್ತಿಲಲ್ಲಿ ಹುಲ್ಲು ಮೇಯುತ್ತಾ ಇತ್ತು. ನಿಮ್ಮ ಅಪ್ಪ ನಡೆಯಲು ಕಲಿತದ್ದು ಅದರ ಬಾಲ ಹಿಡಿದುಕೊಂಡು.

ವಿದ್ಯಾ, ನೀನು ಓದುವ ಪುಸ್ತಕದಲ್ಲಿ ಇದಕ್ಕೆಲ್ಲ ಹೆಸರಿರಬಹುದು. ನನಗೆ ಗೊತ್ತಿರುವುದು ಇಷ್ಟೇ: ಸಾಧು ಪ್ರಾಣಿ ಫಕ್ಕನೆ ಕೆಟ್ಟರೆ ಅದಕ್ಕೆ ಹುಚ್ಚು ಎಂದು ಮೊದಲೇ ಹೇಳಬೇಡ. ಕೈ ಹಾಕಿ ನೋಡು. ನಿನ್ನ ಕೈಯದೇ ತಪ್ಪು ಎಂದು ಕಂಡರೆ ಅದೇ ದಿನ ಹೇಳಿಬಿಡು. ನಾನು ಒಂದು ದಿನ ತಡ ಮಾಡಿದೆ. ಆ ಒಂದು ದಿನ ಈಗಲೂ ನನಗೆ ಭಾರ.

ಈ ಹಾಳೆಗಳನ್ನು ಅಟ್ಟದ ಮೇಲೆ ಹಾಕಬೇಡಿ, ಗೆದ್ದಲು ಇದೆ. ನನ್ನ ತಗಡಿನ ಪೆಟ್ಟಿಗೆಯಲ್ಲಿ, ನಿಮ್ಮ ಅಜ್ಜನ ಪಂಚೆಯ ಮಡಿಕೆಯಲ್ಲಿ ಇಡಿ. ಮಂಗಲಾ ಬೀಗದ ಕೈ ಇಟ್ಟುಕೊಳ್ಳಲಿ, ಅವಳು ಏನನ್ನೂ ಕಳೆಯುವವಳಲ್ಲ. ಸುಧೀರ ಬೇಕಾದರೆ ಚಂದದ ಅಕ್ಷರದಲ್ಲಿ ಇನ್ನೊಂದು ಪ್ರತಿ ಬರೆದು ಅಕ್ಕನಿಗೆ ಕಾಲೇಜಿಗೆ ಕೊಟ್ಟು ಕಳಿಸಲಿ. ಯಾರಿಗೆ ಬೇಕಾದರೂ ತೋರಿಸಿ, ನನಗೆ ಬೇಸರವಿಲ್ಲ. ಆದರೆ ನಾನು ಮನೆಯಲ್ಲಿ ಇರುವಾಗ ಮಾತ್ರ ಗಟ್ಟಿಯಾಗಿ ಓದಬೇಡಿ.

ನಿಮ್ಮ
ಅಜ್ಜಿ